ಬಾಗಿಲು ಹಾಕುವ ಟೀಚರು

ಆ ಟೀಚರಿಗೆ ಮಕ್ಕಳು ಇಟ್ಟ ಹೆಸರು ‘ಚಿಲಕ’. ಬೆಳಗಿನ ಗಂಟೆ ಹೊಡೆದದ್ದೇ ತಡ, ತರಗತಿಯ ಬಾಗಿಲು ಮುಚ್ಚುತ್ತಿತ್ತು. ತಡವಾಗಿ ಬಂದವರು ಬಂದ ದಾರಿ ಹಿಡಿಯಬೇಕು. ನೆಪ, ಅಳು, ಅಪ್ಪಂದಿರ ಶಿಫಾರಸು ಯಾವುದೂ ಅವರ ಹತ್ತಿರ ನಡೆಯುತ್ತಿರಲಿಲ್ಲ. ಬೇರೆ ತರಗತಿಗಳ ಬೆಂಚುಗಳು ಖಾಲಿ ಹೊಡೆಯುವಾಗ ಇವರದು ತುಂಬಿ ತುಳುಕುತ್ತಿತ್ತು. ಆ ಜಂಬ ಅವರ ನಡಿಗೆಯಲ್ಲೂ ಕಾಣುತ್ತಿತ್ತು, ಸುಳ್ಳೇಕೆ ಹೇಳಬೇಕು?

ಆ ವರ್ಷ ಮಾತ್ರ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಕೈಕೊಟ್ಟಳು. ವಾರಗಟ್ಟಲೆ ಪತ್ತೆಯೇ ಇಲ್ಲ.

“ಹಾಜರಾತಿ ಸಾಲದು, ಪರೀಕ್ಷೆಗೆ ಕೂರಿಸೋಕಾಗಲ್ಲ. ಈ ವರ್ಷ ಹೋಯ್ತು ಅಂತ ಮನೆಯವರಿಗೆ ತಿಳಿಸಿಬಿಡಿ,” ಎಂದರು ಹೆಡ್‌ಮಾಸ್ಟರು. ಟೀಚರು ಸಂಜೆ ಅವಳ ಮನೆ ಹುಡುಕಿಕೊಂಡು ಹೋದರು.

ಸುದ್ದಿ ಕೇಳಿ, ಬಟ್ಟೆ ಮಡಚುತ್ತಿದ್ದ ತಾಯಿಯ ಕೈ ನಿಂತಿತು. “ಬರ್ತಿಲ್ವಾ? ದಿನಾ ಬ್ಯಾಗ್ ಹಾಕ್ಕೊಂಡು ಹೋಗ್ತಾಳಲ್ಲ ಟೀಚರ್! ನಾನು ಬೆಳಗಾಗೋ ಮುಂಚೆ ಲಾಂಡ್ರಿ ಕೆಲಸಕ್ಕೆ ಹೋಗ್ತೀನಿ. ಅವಳೇ ತಮ್ಮನ್ನ ಶಿಶುವಿಹಾರಕ್ಕೆ ಬಿಟ್ಟು, ಅಲ್ಲಿಂದ ಸೀದಾ ಸ್ಕೂಲಿಗೆ ಬರ್ತಾಳೆ.”

ಶಿಶುವಿಹಾರ ಬಾಗಿಲು ತೆಗೆಯುವುದೇ ಶಾಲೆಯ ಗಂಟೆ ಹೊಡೆದ ಮೇಲೆ. ಟೀಚರು ತಾಯಿಯ ಹಿಂದೆ ನಿಂತಿದ್ದ ಹುಡುಗಿಯ ಕಡೆ ತಿರುಗಿದರು.

“ದಿನವಿಡೀ ಎಲ್ಲಿರ್ತೀಯೆ ಮಗಳೇ?”

ಹುಡುಗಿ ತಲೆ ತಗ್ಗಿಸಿದಳು. “ಸ್ಕೂಲಲ್ಲೇ ಟೀಚರ್. ಹಿಂದ್ಗಡೆ ಕಿಟಕಿ ಕೆಳಗೆ. ನೀವು ಹೇಳೋದೆಲ್ಲ ಕೇಳಿಸುತ್ತೆ, ಲೆಕ್ಕಾನೂ ಮಾಡ್ಕೋತೀನಿ. ಆದ್ರೆ ‘ಈ ಗೆರೆ, ಆ ಗೆರೆ ಸಮ’ ಅಂತೀರಲ್ಲ... ಯಾವ ಗೆರೆ ಟೀಚರ್? ನಂಗೆ ಬೋರ್ಡ್ ಕಾಣಲ್ಲ.”

ಟೀಚರಿಗೆ ನಗು ಬಂತು, ಅದರ ಬೆನ್ನಿಗೇ ಕಣ್ಣು ತುಂಬಿತು. ಬೆನ್ನ ಹಿಂದೆಯೇ ಕೂತಿದ್ದ ಮಗುವನ್ನು ಊರೆಲ್ಲ ಹುಡುಕಲು ಹೊರಟಿದ್ದರಲ್ಲ! ಬ್ಯಾಗಿನಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ ತ್ರಿಕೋನ ಬರೆದರು. ಇಬ್ಬರೂ ಮಂಡಿಯೂರಿ ಕೂತರು. ಗೆರೆಗಳನ್ನು ನೋಡುತ್ತಾ ನೋಡುತ್ತಾ ಹುಡುಗಿಯ ಮುಖ ಅರಳಿತು. ತಾಯಿ ಇಬ್ಬರನ್ನೂ ಮಿಕಿಮಿಕಿ ನೋಡುತ್ತಿದ್ದಳು.

ಮಾರನೆಯ ದಿನ ಶಾಲೆ ಶುರುವಾಗುವ ಮೊದಲೇ ಟೀಚರು ಹೆಡ್‌ಮಾಸ್ಟರ ಎದುರು ನಿಂತರು. “ಅವಳು ಒಂದು ಪಾಠಾನೂ ತಪ್ಪಿಸಿಲ್ಲ ಸರ್. ಹೊರಗೆ ನಿಲ್ಲಿಸಿದ್ದು ನಾನು. ಶಿಕ್ಷೆ ಕೊಡೋದಾದ್ರೆ ನಂಗೆ ಕೊಡಿ.”

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಕೊನೆಗೆ, “ಕೂರ್ಲಿ ಬಿಡಿ, ಪರೀಕ್ಷೆಗೆ. ಮೇಲಿನವರು ಕೇಳಿದ್ರೆ ನಾನು ಹೇಳ್ಕೋತೀನಿ,” ಎಂದರು.

ಗಂಟೆ ಹೊಡೆಯಿತು. ಅಂದು ಬಾಗಿಲು ಹಾರುಹೊಡೆದಿತ್ತು, ಮಕ್ಕಳು ಮುಖ ಮುಖ ನೋಡಿಕೊಂಡರು. ಟೀಚರು ಪಾಠ ಮಾಡುತ್ತಿದ್ದರೂ ಕಣ್ಣೆಲ್ಲ ಹೊರಗೇ. ಸ್ವಲ್ಪ ಹೊತ್ತಿಗೆ ಹುಡುಗಿ ಏದುಸಿರು ಬಿಡುತ್ತಾ ಓಡಿ ಬಂದಳು. ಬಂದವಳು ತೆರೆದ ಬಾಗಿಲನ್ನು ನೋಡಲೇ ಇಲ್ಲ. ರೂಢಿಯಂತೆ ತಲೆ ತಗ್ಗಿಸಿ, ಬಾಗಿಲ ಮುಂದಿನಿಂದಲೇ ಹಾದು, ಹಿಂದಿನ ಕಿಟಕಿಯ ಕಡೆಗೆ ಹೊರಟಳು.

ಟೀಚರು ಪಾಠ ಅರ್ಧಕ್ಕೇ ಬಿಟ್ಟು ಅವಳ ಹಿಂದೆ ಓಡಿದರು.