ಒಂದು ತೊಟ್ಟೂ ನೆಲಕ್ಕೆ ಬೀಳದ ಭಾನುವಾರ

"ಪಪ್ಪಾ, ಒಂದು ಡ್ರಾಪ್ ಕೂಡ ಬೀಳಬಾರ್ದು. ಬಿದ್ರೆ ನಾನು ನಿಮ್ ಜೊತೆ ಮಾತಾಡೋದು ಬಂದ್!"

ಕಳೆದ ಭಾನುವಾರ ಬೆಳಿಗ್ಗೆ ಒಂಬತ್ತನೇ ಕ್ಲಾಸಿನ ನನ್ನ ಮಗಳು ಅನ್ವಿ ಕೊಟ್ಟ ಎಚ್ಚರಿಕೆ ಇದು. (ಮುಂಬೈಯಲ್ಲೇ ಹುಟ್ಟಿ ಬೆಳೆದವಳು. ಸಿಟ್ಟು ಬಂದಾಗ ಮಾತ್ರ ಇಷ್ಟು ಕನ್ನಡ ಬರುತ್ತದೆ.)

ವಿಷಯ ಇಷ್ಟೆ. ನಮ್ಮ ಹಳೇ ಕಾರಿನ ರೇಡಿಯೇಟರಿನಲ್ಲಿದ್ದ ಕೂಲಂಟ್, ಅಂದರೆ ಎಂಜಿನ್ನನ್ನು ತಣ್ಣಗಿಡುವ ಹಸಿರು ದ್ರವ, ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಇಳಿಸಿ ಹೊಸದು ತುಂಬಬೇಕು. ಹೋದ ಸಲ ನಾನೇ ಇಳಿಸಿದ್ದೆ. ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಿಂದ ಗೇಟಿನವರೆಗೆ ಹಸಿರು ಹೊಳೆ! ಬೈಸಿಕೊಂಡು ನೆಲ ತೊಳೆದಿದ್ದೆ.

ಈ ಸಲ ಬೈಗುಳಕ್ಕೆ ಮುಗಿಯುವಂತಿರಲಿಲ್ಲ. ಪಾರ್ಕಿಂಗಿನ ಮೂಲೆಯಲ್ಲಿ ಬೆಕ್ಕೊಂದು ಮೂರು ಮರಿ ಹಾಕಿತ್ತು. ಕೂಲಂಟ್ ಸಿಹಿ. ಸ್ವಲ್ಪ ನೆಕ್ಕಿದರೂ ಬೆಕ್ಕು ಸಾಯುತ್ತದೆ. ಗ್ಯಾರೇಜಿಗೆ ಒಯ್ಯಬಹುದಿತ್ತಲ್ಲ ಅಂತೀರಾ? ನಮ್ಮ ಗಲ್ಲಿಯ ಗ್ಯಾರೇಜಿನವನು ಅದನ್ನು ಸೀದಾ ಗಟಾರಕ್ಕೆ ಬಿಡುತ್ತಾನೆ. ಅಲ್ಲಿ ಬೆಕ್ಕುಗಳಿಲ್ಲವೆ?

ಬಾನೆಟ್ ಎತ್ತಿ ನಿಂತಿದ್ದಾಗ ಬಂದವರು ಗ್ರೌಂಡ್ ಫ್ಲೋರಿನ ಸದಾನಂದಣ್ಣ. ಉಡುಪಿ ಕಡೆಯವರು. ಪರೇಲಿನ ಹೋಟೆಲೊಂದರಲ್ಲಿ ನಲವತ್ತು ವರ್ಷ ಕಾಫಿ, ಸಾಂಬಾರು ನೋಡಿಕೊಂಡಿದ್ದು ಈಚೆಗೆ ನಿವೃತ್ತರಾದವರು. ಅಂದಿನಿಂದ ಕಾಂಪೌಂಡ್ ಸುತ್ತುತ್ತ, ಸಿಕ್ಕವರಿಗೆಲ್ಲ "ಊಟ ಆಯ್ತಾ?" ಎಂದು ಕೇಳುವುದೇ ಕೆಲಸ. (ಬೆಳಿಗ್ಗೆ ಎಂಟಕ್ಕೂ!)

"ಎಂಥ ಮಾಡ್ತಿದ್ದೀರಿ ಮಾರಾಯ್ರೆ?"

ಹೇಳಿದೆ.

"ಚೆಲ್ಲದೆ ಇಳಿಸ್ಬೇಕು. ಅಷ್ಟೇ ಅಲ್ವಾ?"

"ಅಣ್ಣಾರ, ಇದು ಗಾಡಿ ಐತ್ರಿ. ಸಾಂಬಾರ್ ಅಲ್ಲ," ಎಂದೆ, ನನ್ನ ಧಾರವಾಡದ ಗತ್ತಿನಲ್ಲಿ.

"ಗಾಡಿ ನಂಗೆ ಗೊತ್ತಿಲ್ಲ. ಚೆಲ್ಲದೆ ಇಳಿಸ್ಲಿಕ್ಕೆ ಗೊತ್ತುಂಟು."

ಮೊದಲು ಎಂಜಿನ್ ಮುಟ್ಟಿ ನೋಡಿದರು. ತಣ್ಣಗಿತ್ತು. ಲುಂಗಿ ಎತ್ತಿ ಕಟ್ಟಿ, ಕಾರಿನಡಿಗೆ ಬಗ್ಗಿದರು. ರೇಡಿಯೇಟರಿನ ಬುಡದಲ್ಲಿರುವ ನಲ್ಲಿ ತೋರಿಸಿದೆ. "ನಲ್ಲಿಯ ಕೆಳಗೆ ಈ ಪ್ಲಾಸ್ಟಿಕ್ ತಟ್ಟೆ ಯಾಕೆ ಅಡ್ಡ?"

ನಾನು ಪೆಚ್ಚಾದೆ. ಹೋದ ಸಲ ದ್ರವ ಬಿದ್ದು ನಾಲ್ಕೂ ಕಡೆ ಹರಡಿದ್ದು ಅದರ ಮೇಲೇ! ಎಂಜಿನ್ನಿಗೆ ಕೆಸರು ಸಿಡಿಯದಂತೆ ಹಾಕಿದ್ದ ಆ ತಟ್ಟೆಯನ್ನು ತೆಪ್ಪಗೆ ಬಿಚ್ಚಿದೆ. ಅವರು ನಲ್ಲಿಯ ಮೂತಿಗೆ ರಬ್ಬರ್ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಖಾಲಿ ಕ್ಯಾನಿಗೆ ಇಳಿಸಿದರು. ಕ್ಯಾನನ್ನು ಒಂದು ಅಗಲವಾದ ಹಳೇ ಟಬ್ಬಿನಲ್ಲಿಟ್ಟರು. ನಾನು ರೇಡಿಯೇಟರಿನ ಮೇಲಿನ ಮುಚ್ಚಳಕ್ಕೆ ಕೈ ಹಾಕಿದೆ.

"ಹೋಯ್, ಈಗ್ಲೇ ಬೇಡ! ಕಾಫಿ ಡ್ರಮ್ಮೂ ಹೀಗೇ. ಮುಚ್ಚಳ ಬಿಗಿ ಇದ್ರೆ ನಲ್ಲಿ ನಿಧಾನ. ತೆಗೆದ್ರೆ ದಬದಬ. ಪೈಪ್ ಸರಿ ಕೂತಿದ್ಯಾ ನೋಡುವ, ಮತ್ತೆ ಸಡಿಲ ಮಾಡುವ."

ನಲ್ಲಿ ತಿರುಗಿಸಿದರು. ಕಂದು ದ್ರವ ಸಣ್ಣಗೆ ಇಳಿಯತೊಡಗಿತು. ಮುಚ್ಚಳ ಸಡಿಲಿಸಿದೆ. ಜೋರಾಯಿತು. ಇನ್ನೇನು ಗೆದ್ದೆವು ಅನ್ನುವಷ್ಟರಲ್ಲಿ, ಮರಿಯೊಂದು ಓಡಿಬಂದು ಪೈಪಿನ ಮೇಲೆ ಹಾರಿತು!

ತುದಿ ಕ್ಯಾನಿನಿಂದ ಹೊರಗೆ. ಅನ್ವಿ ಕಿರುಚಿದಳು. ನಾನು ಮುಚ್ಚಳ ಬಿಗಿಯಲು ತಡಕಾಡಿದೆ. ಸದಾನಂದಣ್ಣ? ಕಣ್ಣು ಮಿಟುಕಿಸುವುದರೊಳಗೆ ಪೈಪನ್ನು ಮಡಚಿ ಹಿಡಿದಿದ್ದರು. ಚೆಲ್ಲಿದ ಮೂರ್ನಾಲ್ಕು ತೊಟ್ಟೂ ಟಬ್ಬಿಗೇ ಬಿದ್ದಿದ್ದವು. ಅನ್ವಿ ಮರಿಯನ್ನು ಎದೆಗವಚಿಕೊಂಡಳು. ತುದಿ ಮತ್ತೆ ಕ್ಯಾನಿಗೆ ಹೋಯಿತು.

ಎಲ್ಲ ಇಳಿದ ಮೇಲೆ ನಲ್ಲಿ ಮುಚ್ಚಿ ಹೊಸ ಕೂಲಂಟ್ ತುಂಬಿದೆವು. ಹಳೆಯದಿದ್ದ ಕ್ಯಾನಿನ ಮುಚ್ಚಳ ಬಿಗಿದು, ದೊಡ್ಡದಾಗಿ 'ವಿಷ' ಎಂದು ಬರೆದು, ಬೀಗ ಹಾಕುವ ಸ್ಟೋರ್ ರೂಮಿನಲ್ಲಿಟ್ಟೆವು. ಟಬ್ಬನ್ನು ಒರೆಸಿದೆವು. ಅನ್ವಿ ಬಿಳಿ ಟಿಶ್ಯೂ ತಂದು ಕಾರಿನಡಿಯ ನೆಲಕ್ಕೆಲ್ಲ ಒತ್ತಿ ಒತ್ತಿ ನೋಡಿದಳು. ಎತ್ತಿ ತೋರಿಸಿದಳು. ಧೂಳು ಬಿಟ್ಟರೆ ಏನೂ ಇಲ್ಲ!

ಬಾಲ್ಕನಿಗಳಿಂದ ಚಪ್ಪಾಳೆ. ಯಾವಾಗಿನಿಂದ ನೋಡುತ್ತಿದ್ದರೋ ಏನೋ! ಸದಾನಂದಣ್ಣ ಲುಂಗಿಗೆ ಕೈ ಒರೆಸಿಕೊಳ್ಳುತ್ತ, ನಾಚಿಕೊಂಡು ನಕ್ಕರು. "ನಲವತ್ತು ವರ್ಷದಲ್ಲಿ ಒಬ್ರೂ ಚಪ್ಪಾಳೆ ಹೊಡೀಲಿಲ್ಲ ಮಾರಾಯ್ರೆ. ಕಾಫಿ ತಣ್ಣಗಾಗಿದೆ ಅಂತ ಬೈದವರೇ ಎಲ್ಲ."

ಇವತ್ತು ಬೆಳಿಗ್ಗೆ ಏಳಕ್ಕೇ ನಮ್ಮ ಮನೆಯ ಬೆಲ್ ಆಯಿತು. ಬಾಗಿಲಲ್ಲಿ ಅವರೇ. "ಬ್ರೇಕಿನಲ್ಲೂ ಎಂಥದೋ ಆಯಿಲ್ ಉಂಟಂತಲ್ಲ? ಯಾವಾಗ ಇಳಿಸುವ?"

ನೀವೇ ಹೇಳಿ, ಇವರ ಖುಷಿಗೆ ಚೆನ್ನಾಗಿರುವ ಬ್ರೇಕನ್ನು ಬಿಚ್ಚಿಬಿಡಲೇ?