ಪೌಡರ್ ಹಾಕಿದರೂ ಗುಣ ಕಾಣದ ಮೋರಿ

ಜಯನಗರದ ಬಾಡಿಗೆ ಮನೆಗೆ ಬಂದು ವಾರವೂ ಆಗಿರಲಿಲ್ಲ. ಮನೆಯ ಒಡತಿ ಮುನಿಯಮ್ಮ ಬಾಗಿಲಿಗೆ ಬಂದು, ಕ್ಷೇಮಸಮಾಚಾರ ಕೇಳುವ ದನಿಯಲ್ಲೇ ಹೇಳಿದರು: "ನಿಮ್ಮ ಮೋರಿ ನೋಡಕ್ಕಾಗಲ್ಲ ಕಣಮ್ಮ. ಗಬ್ಬು ನಾರ್ತಾ ಇದೆ."

ಧಾರವಾಡದಲ್ಲಿ ಕೂತು ಇದನ್ನು ಓದುವ ನಿಮಗೆ ಆ ಪೆಟ್ಟು ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಬಾಯಲ್ಲಿ ಮನೆ ಮನಿಯಾಗುತ್ತದೆ, ಹೊಟ್ಟೆ ಹೊಟ್ಟಿಯಾಗುತ್ತದೆ, ಮೋರೆ ಮೋರಿಯಾಗುತ್ತದೆ. ನಾನೇನು ರತಿಯಲ್ಲ, ಒಪ್ಪಿದೆ. ಆದರೂ ಮೂಗು ನೆಟ್ಟಗಿದೆ, ಲಕ್ಷಣವಾಗಿದ್ದಾಳೆ ಅಂದವರೂ ಇದ್ದಾರೆ. ನಾರುತ್ತದೆ ಅಂದವರು ಇವರೇ ಮೊದಲು.

ನಾನು ಬಾಯಿ ತೆರೆಯುವ ಮುಂಚೆ ಆಕೆ ಉಪಾಯವನ್ನೂ ಹೇಳಿ ಮುಗಿಸಿದರು. "ದಿನಾ ಬೆಳಿಗ್ಗೆ ನೀರು ಸುರಿದು ಚೆನ್ನಾಗಿ ಉಜ್ಜಿ. ಆಮೇಲೆ ಒಂಚೂರು ಪೌಡರ್ ಹಾಕಿ. ನಾಕ್ ಜನ ಓಡಾಡ್ತಾರೆ, ನೋಡಿದೋರು ಏನಂತಾರೆ?"

ರಾಜ್ಯ ಒಂದಾದ ಮೇಲೆ ನಮ್ಮವರಿಗೆ ಬೆಂಗಳೂರಿನ ಕಚೇರಿಗೆ ವರ್ಗವಾಗಿತ್ತು. ಅಲ್ಲಿಯೂ ಕನ್ನಡವೇ, ಮಾತಿನ ತೊಂದರೆ ಇಲ್ಲ ಎಂದು ಎಲ್ಲರೂ ಧೈರ್ಯ ಹೇಳಿ ಕಳಿಸಿದ್ದಿರಿ. ಇಲ್ಲಿ ಜೋಳದ ಹಿಟ್ಟು ಕೇಳಿದರೆ ಅಂಗಡಿಯವನು ಗೋವಿನಜೋಳದ, ಇವರ ಮುಸುಕಿನ ಜೋಳದ, ಹಿಟ್ಟು ಕಟ್ಟಿಕೊಡುತ್ತಾನೆ. ಅದರಲ್ಲಿ ರೊಟ್ಟಿ ಬಡಿದರೆ ಭಾರತದ ನಕಾಶೆ ಬರುತ್ತದೆ. ಇಡೀ ಬೀದಿಯಲ್ಲಿ ನನ್ನನ್ನು ದಿನವೂ ಮಾತಾಡಿಸುವವರು ಮುನಿಯಮ್ಮ ಒಬ್ಬರೇ. ಜರಗನಹಳ್ಳಿಯ ಮಗಳು, ಹೊಲ ಉತ್ತವರ ಮನೆಯ ಸೊಸೆ. ಹೊಲವಿದ್ದ ಕಡೆ ಬಡಾವಣೆ ಎದ್ದ ಮೇಲೆ ಬಾಡಿಗೆಯ ಮನೆ ಕಟ್ಟಿಸಿದವರು. ಅಂಥವರೇ ಹೀಗೆ ಅಂದರೆ ಯಾರಿಗೆ ಹೇಳಿಕೊಳ್ಳುವುದು?

ಸಂಜೆ ನಮ್ಮವರು ಬಂದ ಕೂಡಲೇ ದೀಪದ ಕೆಳಗೆ ಮುಖ ಒಡ್ಡಿದೆ. "ಖರೆ ಹೇಳ್ರಿ, ನನ್ನ ಮೋರಿ ನಾರತೈತೇನು?"

ಅವರು ಸರಕಾರಿ ನೌಕರರು, ಪರಿಶೀಲಿಸದೆ ಉತ್ತರ ಕೊಡುವವರಲ್ಲ. ಬಗ್ಗಿ ಮೂಸಿ, "ಉಳ್ಳಾಗಡ್ಡಿ ವಾಸನಿ ಅಷ್ಟ ಐತಿ" ಎಂದರು.

ಮರುದಿನ ಕಡಲೆಹಿಟ್ಟು ಹಚ್ಚಿ ತಿಕ್ಕಿ ತೊಳೆದೆ. ಬಯಲಾಟದವರ ಹಾಗೆ ಪೌಡರ್ ಬಳಿದುಕೊಂಡು ಬಾಗಿಲಲ್ಲಿ ನಿಂತೆ. ಮುನಿಯಮ್ಮ ಬಂದವರೇ, "ಪೌಡರ್ ಹಾಕಿದ್ರಾ?" ಎಂದು ಕೇಳಿದರು.

"ಹಾಕೀನ್ರಿ."

ನನ್ನ ಮುಖ ನೋಡುವುದೂ ಬೇಡವೆಂಬಂತೆ ಅತ್ತ ಪಕ್ಕಕ್ಕೆ ನೋಡಿ, "ಏನೂ ಗುಣ ಕಾಣ್ಲಿಲ್ಲ ಬಿಡಿ. ಪೊರಕೇಲೇ ಉಜ್ಜಬೇಕು" ಎಂದರು.

ಪೊರಕೆ ಎಂದರೆ ನಮ್ಮ ಕಸಬರಿಗಿ ಎಂದು ಅಷ್ಟರಲ್ಲಿ ಕಲಿತಿದ್ದೆ. ಕಲಿಯದಿದ್ದರೆ ಚೆನ್ನಾಗಿತ್ತು. ಒಳಗೆ ಬಂದು ಟ್ರಂಕಿಗೆ ಸೀರೆ ತುಂಬಿದೆ. ಬೇರೆ ಮನೆ ಹುಡುಕೋಣ, ಸ್ವಲ್ಪ ತಾಳು ಎಂದು ನಮ್ಮವರು ಗೋಗರೆದರು. "ಮನಿ ಬ್ಯಾಡ, ಊರ ಬ್ಯಾಡ. ನೀವು ಬಂದರ ಬರ್ರಿ, ಇಲ್ಲಾಂದರ ನಾ ಒಬ್ಬಾಕಿನ ಧಾರವಾಡಕ್ಕ ಹೋಗತೀನಿ" ಎಂದೆ. ಹೋಗುವ ಮುಂಚೆ ಎರಡು ಮಾತು ಅಂದೇ ಹೋಗಬೇಕೆಂದು ಬೆಳಿಗ್ಗೆ ಮುನಿಯಮ್ಮನವರ ಅಂಗಳಕ್ಕೆ ನಡೆದೆ. ಅವರು ರಾಗಿ ಕೇರುತ್ತಿದ್ದರು.

"ನನ್ನ ಮೋರಿ ಹ್ಯಾಂಗರ ಇರಲಿ, ನಿಮಗೇನ್ರಿ? ನಮ್ಮವರು ಮದವಿಗಿಂತ ಮೊದಲ ಬಂದು, ನೋಡಿ, ಒಪ್ಪಿಗೊಂಡ ಹೋಗ್ಯಾರ."

ಮುನಿಯಮ್ಮ ಮೊರ ಕೆಳಗಿಟ್ಟರು. "ಮದುವೆಗೆ ಮುಂಚೆ ಮೋರಿ ನೋಡಕ್ ಬರ್ತಾರಾ ನಿಮ್ ಕಡೆ?"

"ಮತ್ತೇನ್ ನೋಡತಾರ್ರಿ?"

"ನಮ್ ಕಡೆ ಹುಡುಗೀನ ನೋಡ್ತಾರೆ."

ಗದ್ದಲ ಕೇಳಿ ಪಕ್ಕದ ಮನೆಯ ತಮಿಳು ಹೆಂಗಸು ಕಮಲಮ್ಮಾಳ್ ಬೇಲಿಯ ಹತ್ತಿರ ಬಂದರು. "ಸಾಕ್ಕಡೈ ಅಮ್ಮಾ, ಸಾಕ್ಕಡೈ" ಎಂದರು. ನನಗೆ ಅದು 'ಸಾಕು ಮಾಡೇ' ಅಂದಂತೆ ಕೇಳಿಸಿತು. "ಸಾಕು ಅನ್ನಾಕ ನೀವ್ಯಾರ್ರಿ?" ಎಂದು ಅವರ ಮೇಲೂ ಹರಿಹಾಯ್ದೆ. ಆಕೆ ಮಾತು ಬಿಟ್ಟು ಬೆರಳು ತೋರಿಸಿದರು. ನನ್ನ ಬಾಗಿಲ ಪಕ್ಕದಲ್ಲಿ, ಚಪ್ಪಡಿಯ ಕೆಳಗೆ ಕಸ ಸಿಕ್ಕಿಕೊಂಡು, ಕಪ್ಪು ನೀರು ಕಟ್ಟಿ ನಿಂತಿತ್ತು. ಅವರ ಸಾಕ್ಕಡೈ ಅಂದರೆ ಅದೇ.

"ಅದು ಗಟಾರ ಅಲ್ಲೇನ್ರಿ?" ಎಂದೆ, ಬಹಳ ಸಣ್ಣ ದನಿಯಲ್ಲಿ.

"ಗಡಾರಿನಾ? ತಾಳಿ, ಕೊಡ್ತೀನಿ" ಎಂದು ಮುನಿಯಮ್ಮ ಒಳಗೆ ಹೋಗಿ ಉದ್ದನೆಯ ಕಬ್ಬಿಣದ ಹಾರೆ ತಂದು ನನ್ನ ಕೈಗಿಟ್ಟರು. ಹಾರೆಗೆ ಇಲ್ಲಿ ಗಡಾರಿ ಎನ್ನುತ್ತಾರಂತೆ. ಬಂದದ್ದು ಬರಲಿ ಎಂದು ಅದರಿಂದಲೇ ಚಪ್ಪಡಿ ಮೀಟಿದೆ. ನೀರು ಬುಳುಬುಳು ಹರಿದುಹೋಯಿತು. ನಾನು ನನ್ನ ಮುಖ ಮುಟ್ಟಿ ತೋರಿಸಿ ವಿಷಯ ಬಿಡಿಸಿ ಹೇಳಿದಾಗ ಮುನಿಯಮ್ಮ ಜಗುಲಿಯ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಧ್ಯಾಹ್ನ ನನಗೆ ಮುದ್ದೆ ನುಂಗುವುದನ್ನು ಕಲಿಸಿದರು. ಅಗಿಯಬಾರದಂತೆ.

ಈಗ ವರ್ಷಗಳೇ ಕಳೆದಿವೆ. ನನ್ನ ಸಮಾಧಾನಕ್ಕೆ ಮುನಿಯಮ್ಮ ಗಟಾರ ಅನ್ನುತ್ತಾರೆ, ಅವರ ಸಮಾಧಾನಕ್ಕೆ ನಾನು ಮೋರಿ ಅನ್ನುತ್ತೇನೆ. ನಮ್ಮಿಬ್ಬರ ಕಾಟಕ್ಕೆ ಕಮಲಮ್ಮಾಳ್ ಚರಂಡಿ ಅನ್ನುವುದನ್ನು ಕಲಿತಿದ್ದಾರೆ.

ಕಳೆದ ಬೇಸಿಗೆಯಲ್ಲಿ ಧಾರವಾಡಕ್ಕೆ ಬಂದಿದ್ದೆನಲ್ಲ, ಆಗಿನ ಮಾತು. ಅಣ್ಣನ ಮನೆಯ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಈಗ ಅವಳಿಗೆ ಕಣ್ಣು ಮಂಜು. ನೀರು ಮುಂದಕ್ಕೆ ಹೋಗದ್ದನ್ನು ಕಂಡು, "ಅವ್ವಾ, ಮೋರಿ ಎಷ್ಟು ಗಲೀಜಾಗಿದೆ ನೋಡು" ಎಂದುಬಿಟ್ಟೆ.

ಅವ್ವ ಸಿಟ್ಟಾಗಲಿಲ್ಲ, ಯಾಕೆಂದೂ ಕೇಳಲಿಲ್ಲ. ಸೆರಗಿನ ತುದಿ ಹಿಡಿದು ಹಣೆ, ಗಲ್ಲ, ಬಾಯಿಯ ಸುತ್ತ ನಿಧಾನವಾಗಿ ಒರೆಸಿಕೊಂಡಳು. ಮಗಳೇ ಹೇಳಿದ ಮೇಲೆ ಮುಖಕ್ಕೆ ಏನೋ ಹತ್ತಿರಲೇಬೇಕು ಅಂದುಕೊಂಡಳೇನೋ.

"ಈಗ ಹೋತೇನ, ಮಗಳ?" ಎಂದು ಮುಖವೆತ್ತಿ ನನ್ನ ಕಡೆ ಹಿಡಿದಳು.

ಗಟಾರ ಎಂದು ತಿದ್ದಿ ಹೇಳಲು ಹೊರಟವಳು ಅಷ್ಟಕ್ಕೇ ಬಿಟ್ಟೆ. ಹತ್ತಿರ ಹೋಗಿ, ಏನೂ ಇಲ್ಲದ ಆ ಗಲ್ಲವನ್ನು ನನ್ನ ಸೆರಗಿನಿಂದ ಒರೆಸಿ, "ಹೋತವ್ವಾ" ಎಂದೆ.