ಹೆಂಡತಿಯ ಧ್ಯಾನ, ನನ್ನ ಸಂಡಿಗೆ

ಶಾಕ್ ಹೊಡೆಯಬಹುದು, ಕರೆಂಟ್ ಹೋಗಬಹುದು, ತಂತಿ ಅಂಟಿಸುವ ಗೋಂದಿಗೆ ನನ್ನ ತಲೆಯಲ್ಲಿ ಉಳಿದಿರುವ ನಾಲ್ಕು ಕೂದಲೂ ಕಿತ್ತು ಬರಬಹುದು, ಹೆಸರೇ ಕೇಳದ ಕಾಯಿಲೆಯೊಂದು ಪತ್ತೆಯಾಗಬಹುದು ಎಂದೆಲ್ಲ ನನಗೆ ದಿಗಿಲು. ತೊಂಬತ್ತರ ದಶಕದ ಶುರುವಿನ ಒಂದು ಬೇಸಿಗೆ. ಧ್ಯಾನ ಮಾಡಿದರೆ ಗಂಡಸರ, ಹೆಂಗಸರ ಮಿದುಳಿನಲ್ಲಿ ಏನೇನಾಗುತ್ತದೆಂದು ಕಾಶಿಯಲ್ಲಿ ಪರೀಕ್ಷಿಸುತ್ತಿದ್ದ ಧಾರವಾಡದ ಡಾಕ್ಟರೊಬ್ಬರ ಯಂತ್ರದ ಮುಂದೆ, ಅಲ್ಲೇ ನೆಲೆಸಿದ್ದ ನಾನೂ ಹೆಂಡತಿಯೂ ಕೂತಿದ್ದೆವು.

ಮೊದಲು ನನ್ನ ಸರದಿ. "ಸರ, ಹಲ್ಲು ಯಾಕ ಕಚ್ಚೀರಿ? ಅದೂ ಇದರಾಗ ಮೂಡತದ" ಎಂದರು ಡಾಕ್ಟರು. ದಿನವೂ ಮಠದಲ್ಲಿ ಧ್ಯಾನಕ್ಕೆ ಕೂರುವವನು ನಾನು. ಆದರೂ ಯಂತ್ರ ಕಾಗದದ ಮೇಲೆ ಎಳೆದ ನನ್ನ ಮಿದುಳಿನ ಗೆರೆಗಳು ಮುಳ್ಳುಬೇಲಿಯಂತಿದ್ದವು.

ಆಮೇಲೆ ಹೆಂಡತಿ ಕಣ್ಣು ಮುಚ್ಚಿದಳು. ಮನೆಯಲ್ಲಿ ಅವಳು ಕೂತ ಕೂಡಲೇ ನಮ್ಮಲ್ಲಿ ಯಾರಾದರೊಬ್ಬರು ಕರೆಯುತ್ತಿದ್ದೆವು. ಇಲ್ಲಿ ಯಾರೂ ಕರೆಯಲಿಲ್ಲ. ಅವಳ ಗೆರೆ ಮೆಲ್ಲಗೆ, ಹೆಣೆದಿಟ್ಟ ಹಾಗೆ ಸಮವಾಗತೊಡಗಿತು. ಡಾಕ್ಟರು ಕಣ್ಣು ಕೀಳದೆ ನೋಡುತ್ತಿದ್ದರು. ಅಷ್ಟರಲ್ಲಿ ಕಿಟಕಿಯಾಚೆ ಕೋತಿಯೊಂದು ಹಾದುಹೋಯಿತು.

"ಲೇ, ಮಾಳಿಗೆ ಮೇಲಿನ ಸಂಡಿಗೆ ಒಳಗೆ ತೆಗೆದಿಟ್ಟಿದೀಯ ತಾನೇ?" ಎಂದುಬಿಟ್ಟೆ.

ಗೆರೆ ಎಳೆಯುತ್ತಿದ್ದ ಯಂತ್ರದ ಮುಳ್ಳುಗಳೆಲ್ಲ ಒಟ್ಟಿಗೆ ಹಾರಿದವು. "ಅಯ್ಯ ಸರ, ಅಕ್ಕಾರದು ಭಾಳ ಚಂದ ಬರಾಕತ್ತಿತ್ತಲ್ರೀ!"

ಹೆಂಡತಿ ಕಣ್ಣು ತೆರೆಯದೆಯೇ ಹೇಳಿದಳು: "ತೆಗೆದಿಟ್ಟಿದೀನಿ. ಡಾಕ್ಟ್ರೇ, ಇನ್ನೊಂದ್ಸಲ ಕೂರ್ತೀನಿ. ಇವರನ್ನ ಮಾತ್ರ ಅಸ್ಸಿ ಘಾಟಿಗೆ ಚಾಯ್ ಕುಡಿಯೋಕೆ ಕಳಿಸಿ."

ಈಗಲೂ ಅವಳು ಕಣ್ಣು ಮುಚ್ಚಿ ಕೂತರೆ ನನ್ನ ಬಾಯಿಗೆ ಏನಾದರೊಂದು ಪ್ರಶ್ನೆ ಬಂದೇ ಬರುತ್ತದೆ. ನುಂಗಿಕೊಂಡು ಘಾಟಿನ ಮೆಟ್ಟಿಲಿಳಿದುಬಿಡುತ್ತೇನೆ. ಆವತ್ತು ನಾನು ಹೆದರಿದ್ದು ಯಾವುದೂ ಆಗಲಿಲ್ಲ, ಕೆಟ್ಟದ್ದು ಒಂದೇ: ಕಾಗದದ ಮೇಲೆ ಅಷ್ಟು ಚಂದದ ಗೆರೆಯ ನಡುವೆ ಗೇಣುದ್ದ ಮುಳ್ಳಾಗಿ ಮೂಡಿದ ನನ್ನ ದನಿ.